ಸೀಜಿನ್‌ಕೋಟ್ ಸುತ್ತಿನ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ, ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಇಳಿಜಾರಿನಲ್ಲಿ, ಮೊಗಲರ ಕಾಲದ್ದೇನೋ ಅನ್ನಿಸುವ ಗುಮ್ಮಟ ಹೊತ್ತ ಒಂದು ಬಂಗಲೆ ಇದೆ. ಹೆಸರು ಸೀಜಿನ್‌ಕೋಟ್. ಮೊರ್ಟನ್-ಇನ್-ಮಾರ್ಷ್ ಎಂಬ ಪೇಟೆಯಿಂದ ಹೊರಟು, ಮೂರು ಹಳ್ಳಿ ದಾಟಿ, ಈ ಬಂಗಲೆಯ ಮುಂದಿನ ಹುಲ್ಲುಗಾವಲಿನಲ್ಲಿ ಹಾದು, ಮತ್ತೆ ಅದೇ ಪೇಟೆಗೆ ಬಂದು ಸೇರುವ ಒಂದು ದಿನದ ನಡಿಗೆ ಇದು. ಇಲ್ಲಿ ನೆಲೆಸಿರುವ ಕನ್ನಡದವರು, ಊರಿಂದ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸಲು ಜಾಗ ಹುಡುಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇರಲಿ ಅಂತ ಬರೆದಿದ್ದೇನೆ.

ದಾರಿ ಹೇಗೆ ಹೋಗುತ್ತದೆ? ಒಟ್ಟು ಎಷ್ಟು ದೂರ?

ಮೊರ್ಟನ್‌ನಿಂದ ಬ್ಯಾಟ್ಸ್‌ಫರ್ಡ್, ಅಲ್ಲಿಂದ ಬೋರ್ಟನ್-ಆನ್-ದ-ಹಿಲ್, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಸೀಜಿನ್‌ಕೋಟ್, ಮುಂದೆ ಲಾಂಗ್‌ಬರೋ, ಕೊನೆಗೆ ಹೊಲಗಳ ನಡುವೆ ಮೊರ್ಟನ್‌ಗೆ ವಾಪಸ್. ಎಲ್ಲಾ ಸೇರಿ ಸುಮಾರು 12–13 ಕಿ.ಮೀ., ಇಲ್ಲಿನವರ ಲೆಕ್ಕದಲ್ಲಿ 8 ಮೈಲಿ. ಬರೀ ನಡೆದರೆ ನಾಲ್ಕು ಗಂಟೆ ಸಾಕು. ಆದರೆ ಚರ್ಚ್ ನೋಡಿ, ಫೋಟೊ ತೆಗೆದು, ಕೂತು ಚಹಾ ಕುಡಿದು ಬರುವುದಾದರೆ ಇಡೀ ದಿನ ಇಟ್ಟುಕೊಳ್ಳಿ. ಅವಸರದಲ್ಲಿ ಮುಗಿಸುವ ನಡಿಗೆ ಇದಲ್ಲ.

ಬೋರ್ಟನ್‌ನಿಂದ ಲಾಂಗ್‌ಬರೋ ತನಕದ ಭಾಗ ಹಾರ್ಟ್ ಆಫ್ ಇಂಗ್ಲೆಂಡ್ ವೇ ಎಂಬ ದೂರದ ಕಾಲುದಾರಿಯ ಒಂದು ತುಂಡು. ಆ ದಾರಿ ಮೇಲೆ ಉತ್ತರದಲ್ಲಿ ಕ್ಯಾನಕ್ ಚೇಸ್ ಕಾಡಿನ ಕಡೆಯಿಂದ ಹೊರಟು ಸುಮಾರು 100 ಮೈಲಿ ಬಂದು ಬೋರ್ಟನ್-ಆನ್-ದ-ವಾಟರ್‌ನಲ್ಲಿ ಮುಗಿಯುತ್ತದೆ. ಲಾಂಗ್‌ಬರೋ ಸುತ್ತಮುತ್ತ ಮೊನಾರ್ಕ್ಸ್ ವೇ ಎಂಬ ಇನ್ನೊಂದು ದಾರಿಯ ಫಲಕಗಳೂ ಕಾಣುತ್ತವೆ. 1651ರಲ್ಲಿ ವೂಸ್ಟರ್ ಯುದ್ಧದಲ್ಲಿ ಸೋತ ಎರಡನೇ ಚಾರ್ಲ್ಸ್ ತಲೆಮರೆಸಿಕೊಂಡು ಓಡಿದ ಹಾದಿಯನ್ನು ಹಿಡಿದು ಮಾಡಿದ ದಾರಿ ಅದು. 600 ಮೈಲಿಗೂ ಜಾಸ್ತಿ ಇದೆ. ಪಾಪ, ಎಷ್ಟು ಸುತ್ತಿದನೋ.

ಇದು ಖಾಸಗಿ ಎಸ್ಟೇಟ್ ಅಲ್ವಾ? ಒಳಗೆ ಸುಮ್ನೆ ನಡೆದು ಹೋದರೆ ಯಾರೂ ಏನೂ ಅನ್ನಲ್ವಾ?

ಅನ್ನುವ ಹಾಗಿಲ್ಲ. ಮನೆ, ತೋಟ, ಹುಲ್ಲುಗಾವಲು ಎಲ್ಲ ಖಾಸಗಿಯೇ. ಆದರೆ ಆ ಹುಲ್ಲುಗಾವಲಿನ ನಡುವೆ ಸಾರ್ವಜನಿಕ ಕಾಲುದಾರಿ ಇದೆ. ಇಂಗ್ಲೆಂಡಿನಲ್ಲಿ ಇಂಥ ದಾರಿಯಲ್ಲಿ ನಡೆಯುವುದು ಜನರ ಕಾನೂನುಬದ್ಧ ಹಕ್ಕು. ಜಮೀನು ಯಾರದ್ದೇ ಇರಲಿ, ದಾರಿ ಮುಚ್ಚುವ ಹಾಗಿಲ್ಲ, ಕಾಸು ಕೇಳುವ ಹಾಗಿಲ್ಲ. ಕೌಂಟಿಯ ಅಧಿಕೃತ ನಕ್ಷೆಯಲ್ಲಿ ಇಂಥ ದಾರಿಗಳು ದಾಖಲಾಗಿರುತ್ತವೆ. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್‌ಗೂ ಸೇರಿ.

ಹಕ್ಕು ಇರುವುದು ದಾರಿಯ ಮೇಲೆ ಮಾತ್ರ ಅನ್ನುವುದನ್ನು ಮರೆಯಬೇಡಿ. ದಣಿವಾರಿಸಿಕೊಳ್ಳಲು ದಾರಿ ಪಕ್ಕ ಎರಡು ನಿಮಿಷ ಕೂತರೆ ತಪ್ಪಿಲ್ಲ. ಮನೆ ಹತ್ತಿರದಿಂದ ನೋಡೋಣ ಅಂತ ಹುಲ್ಲಿನ ಮೇಲೆ ಅಡ್ಡ ಹೊರಟರೆ, ಜಮಖಾನ ಹಾಸಿ ಸಂಸಾರ ಹೂಡಿದರೆ ಅದು ಅತಿಕ್ರಮಣ. ನೀವು ತೆಗೆದ ಗೇಟನ್ನು ಹಾಕಿ ಮುಂದೆ ಹೋಗಿ. ಕುರಿ ಮೇಯುವ ಜಾಗ.

ಬಂಗಲೆ ದಾರಿಯಿಂದಲೇ ಕಾಣುತ್ತಾ?

ಚೆನ್ನಾಗಿ ಕಾಣುತ್ತದೆ. ಬೋರ್ಟನ್-ಆನ್-ದ-ಹಿಲ್‌ನಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಒಂದಾದ ಮೇಲೊಂದು ಗೇಟು, ಹುಲ್ಲಿನ ಹೊಲ, ಬೇಲಿ. ಕಾಟ್ಸ್‌ವೋಲ್ಡ್ಸ್‌ನ ಯಾವ ನಡಿಗೆಯಲ್ಲೂ ಕಾಣುವಂಥದ್ದೇ. ಆಮೇಲೆ ಹೊಲ ಹೋಗಿ ದೊಡ್ಡ ದೊಡ್ಡ ಒಂಟಿ ಮರಗಳ ಉದ್ಯಾನ ಶುರುವಾಗುತ್ತದೆ. ಬಲಗಡೆ ಇಳಿಜಾರಿನ ಮೇಲೆ ಕಣ್ಣಿಡಿ. ಮರಗಳ ನಡುವೆ ಮೊದಲು ಕಾಣುವುದು ಗುಮ್ಮಟ. ತಾಮ್ರದ ಹೊದಿಕೆ ಕಾಲ ಕಳೆದು ಹಸಿರು ತಿರುಗಿದೆ. ಆಮೇಲೆ ನಾಲ್ಕು ಮೂಲೆಯ ಪುಟ್ಟ ಛತ್ರಿಗಳು, ಅದರ ಕೆಳಗೆ ಜೇನುಬಣ್ಣದ ಕಲ್ಲಿನ ಗೋಡೆ.

ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು, ಬೈನಾಕ್ಯುಲರ್ ಇದ್ದರೆ ತೆಗೆಯಿರಿ. ಗೋಡೆಯ ಮೇಲಂಚಿನಲ್ಲಿ ಕಲ್ಲಿನ ಸೂರು ಅಗಲವಾಗಿ ಮುಂದಕ್ಕೆ ಚಾಚಿದೆ. ಅದನ್ನು ಹೊರಲು ಸಾಲು ಸಾಲು ಕಲ್ಲಿನ ಚಾಚುಗಳು. ಉತ್ತರ ಭಾರತದಲ್ಲಿ ಇದಕ್ಕೆ ಛಜ್ಜಾ ಅನ್ನುತ್ತಾರೆ. ಬಿಸಿಲು, ಮಳೆ ಗೋಡೆಗೆ ಹೊಡೆಯದಿರಲಿ ಅಂತ ಹುಟ್ಟಿದ ಉಪಾಯ. ವರ್ಷದಲ್ಲಿ ಹೆಚ್ಚು ದಿನ ಬಿಸಿಲೇ ಇಲ್ಲದ ಊರಿನಲ್ಲಿ ಅದು ಯಾರಿಗೆ ನೆರಳು ಕೊಡುತ್ತದೆ ಅಂತ ನಗು ಬರುತ್ತದೆ. ಕಿಟಕಿಗಳ ಮೇಲೆ ನವಿಲುಗರಿ ಬಿಚ್ಚಿದಂಥ ಕಮಾನು. ನೋಡಬೇಕಾದ್ದು ಇಂಥ ವಿವರಗಳನ್ನೇ. ಗುಮ್ಮಟದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ.

ಫೋಟೊ ಅಂದ ಮೇಲೆ ಒಂದು ಮಾತು. ಕಾಲುದಾರಿ ಮನೆಯ ಪೂರ್ವಕ್ಕಿದೆ. ಹಾಗಾಗಿ ಬೆಳಗಿನ ಬೆಳಕು ಮನೆಯ ಮುಖಕ್ಕೆ ಬೀಳುತ್ತದೆ. ಸಂಜೆ ಹೋದರೆ ಸೂರ್ಯ ಮನೆಯ ಹಿಂದೆ ಇರುತ್ತಾನೆ, ಕಪ್ಪು ಆಕಾರ ಮಾತ್ರ ಸಿಗುತ್ತದೆ.

ಇಂಗ್ಲೆಂಡಿನ ಹಳ್ಳಿಯಲ್ಲಿ ಮೊಗಲರ ಗುಮ್ಮಟ ಎಲ್ಲಿಂದ ಬಂತು?

ದುಡ್ಡು ಬಂದ ದಾರಿಯಲ್ಲೇ ಬಂತು. ಕಾಕರೆಲ್ ಎಂಬ ಮನೆತನದ ಅಣ್ಣತಮ್ಮಂದಿರ ಕಥೆ ಇದು. ಜಾನ್ ಕಾಕರೆಲ್ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ. ವಾಪಸ್ ಬಂದು 1795ರಲ್ಲಿ ಈ ಎಸ್ಟೇಟ್ ಕೊಂಡ. ಮೂರು ವರ್ಷಕ್ಕೇ ತೀರಿಕೊಂಡ. ಆಸ್ತಿ ತಮ್ಮ ಚಾರ್ಲ್ಸ್ ಕೈಗೆ ಬಂತು. ಈ ಚಾರ್ಲ್ಸ್ ಕೂಡ ಈಸ್ಟ್ ಇಂಡಿಯಾ ಕಂಪನಿಯ ನೌಕರ, ಕಲ್ಕತ್ತೆಯಲ್ಲಿ ಅಂಚೆಯ ಮುಖ್ಯಸ್ಥನಾಗಿದ್ದವನು. ಜೊತೆಗೆ ಅಲ್ಲಿನ ಒಂದು ದೊಡ್ಡ ಏಜೆನ್ಸಿ ಹೌಸ್‌ನಲ್ಲಿ ಪಾಲುದಾರ. ಕಂಪನಿ ನೌಕರರು ಭಾರತದಲ್ಲಿ ಗಳಿಸಿದ ಹಣವನ್ನು ಇಟ್ಟುಕೊಂಡು, ಸಾಲ ಕೊಟ್ಟು, ವ್ಯಾಪಾರಕ್ಕೆ ಹಾಕಿ, ಇಂಗ್ಲೆಂಡಿಗೆ ಸಾಗಿಸುತ್ತಿದ್ದುದು ಇಂಥ ಏಜೆನ್ಸಿ ಹೌಸ್‌ಗಳೇ. ಹೀಗೆ ಭಾರತದಲ್ಲಿ ಶ್ರೀಮಂತರಾಗಿ ಬಂದವರನ್ನು ಇಲ್ಲಿನ ಜನ ನವಾಬ ಅನ್ನುವುದನ್ನೇ ತಿರುಚಿ 'ನೇಬಾಬ್' ಅಂತ ಆಡಿಕೊಳ್ಳುತ್ತಿದ್ದರು.

ಮೂರನೆಯವನು ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್, ವಾಸ್ತುಶಿಲ್ಪಿ. 1805ರ ಸುಮಾರಿಗೆ ಚಾರ್ಲ್ಸ್‌ಗಾಗಿ ಈ ಮನೆಯ ವಿನ್ಯಾಸ ಮಾಡಿದವನು ಇವನೇ. ತಮಾಷೆ ಏನಪ್ಪಾ ಅಂದರೆ, ಇವನು ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಚಿತ್ರ ನೋಡಿ ಕಟ್ಟಿದ್ದು. ಇದಕ್ಕೂ ಮೊದಲು, ಇಲ್ಲಿಂದ ಸ್ವಲ್ಪ ದೂರದ ಡೇಲ್ಸ್‌ಫರ್ಡ್‌ನಲ್ಲಿ ವಾರನ್ ಹೇಸ್ಟಿಂಗ್ಸ್‌ಗೆ ಮನೆ ಕಟ್ಟಿಕೊಟ್ಟವನೂ ಇವನೇ. ಹೌದು, ನಾವು ಶಾಲೆಯಲ್ಲಿ ಓದಿದ ಅದೇ ಹೇಸ್ಟಿಂಗ್ಸ್.

ಯಾರ ಚಿತ್ರ ನೋಡಿ ಕಟ್ಟಿದ? ಕರ್ನಾಟಕಕ್ಕೇನಾದರೂ ಸಂಬಂಧ ಇದೆಯಾ?

ಒಂದು ಎಳೆ ಇದೆ. ಥಾಮಸ್ ಡೇನಿಯಲ್ ಎಂಬ ಚಿತ್ರಕಾರ, ಅವನ ಜೊತೆ ಸೋದರನ ಮಗ ವಿಲಿಯಂ, ಇಬ್ಬರೂ 1786ರಲ್ಲಿ ಕಲ್ಕತ್ತೆಗೆ ಬಂದಿಳಿದು ಏಳೆಂಟು ವರ್ಷ ಭಾರತ ಸುತ್ತಿದರು. ಕೋಟೆ, ದೇವಸ್ಥಾನ, ಮಸೀದಿ, ಜಲಪಾತ, ಕಂಡದ್ದನ್ನೆಲ್ಲ ಬರೆದುಕೊಂಡರು. ಇಂಗ್ಲೆಂಡಿಗೆ ಬಂದ ಮೇಲೆ ಅವನ್ನು 144 ಅಚ್ಚುಚಿತ್ರಗಳಾಗಿ ಪ್ರಕಟಿಸಿದರು. ಇಲ್ಲಿನ ಸಿರಿವಂತರಿಗೆ ಭಾರತದ ಕಟ್ಟಡ ಅಂದರೆ ಹೇಗಿರುತ್ತದೆ ಅಂತ ಮೊದಲು ಸರಿಯಾಗಿ ತೋರಿಸಿದ್ದು ಆ ಚಿತ್ರಗಳೇ.

ಇವರು 1792ರಲ್ಲಿ ಮದ್ರಾಸಿನಿಂದ ದಕ್ಷಿಣದ ಪ್ರವಾಸ ಹೊರಟರು. ಟಿಪ್ಪುವಿನ ಜೊತೆಗಿನ ಮೂರನೇ ಮೈಸೂರು ಯುದ್ಧ ಆಗಷ್ಟೇ ಮುಗಿದಿತ್ತು. ಕಂಪನಿ ಸೈನ್ಯ ನಡೆದ ಹಾದಿಯನ್ನೇ ಹಿಡಿದು ಮೈಸೂರು ಸೀಮೆಯ ಕಡೆ ಬಂದರು. ಇವತ್ತು ತಮಿಳುನಾಡಿಗೆ ಸೇರಿದ, ಆಗ ಮೈಸೂರಿನದಾಗಿದ್ದ ಹೊಸೂರಿನ ಚಿತ್ರ ಆ ಸಂಗ್ರಹದಲ್ಲಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದ ಅರ್ಧ ಮುಕ್ಕಾಲು ಗಂಟೆಯ ಹೊಸೂರೇ.

ಅದೇ ಥಾಮಸ್ ಡೇನಿಯಲ್ ಸೀಜಿನ್‌ಕೋಟ್‌ಗೆ ಸಲಹೆಗಾರ. ತೋಟದ ಗುಡಿ, ಸೇತುವೆ, ಕೊಳಗಳು ಅವನ ಕೈಚಳಕ. ಆದರೆ ಇಲ್ಲಿ ಹೊಯ್ಸಳರದ್ದೋ ವಿಜಯನಗರದ್ದೋ ಏನಾದರೂ ಸಿಗಬಹುದು ಅಂತ ಹುಡುಕಬೇಡಿ, ಇಲ್ಲ. ಮನೆ ಮೊಗಲ್ ಧಾಟಿಯದು, ತೋಟ ಹಿಂದೂ ಧಾಟಿಯದು. ಎರಡನ್ನೂ ಒಟ್ಟಿಗೆ ಸೇರಿಸಿದ್ದು ಇಂಗ್ಲಿಷರ ರುಚಿ.

ನಂದಿ ಇದೆ ಅಂದರು. ಎಲ್ಲಿ?

ಇದೆ, ಆದರೆ ಕಾಲುದಾರಿಯಿಂದಲ್ಲ, ಟಿಕೆಟ್ ತೆಗೆದುಕೊಂಡು ತೋಟದ ಒಳಗೆ ಹೋದರೆ. ಮನೆಗೆ ಬರುವ ರಸ್ತೆ ಒಂದು ಸಣ್ಣ ಹಳ್ಳವನ್ನು ದಾಟುವ ಕಡೆ ಕಲ್ಲಿನ ಸೇತುವೆ ಇದೆ. ಅದರ ಕೈಗೋಡೆಯ ಮೇಲೆ ನಂದಿಗಳು ಕಾಲು ಮಡಚಿ ಕೂತಿವೆ. ಬಸವನಗುಡಿಯದ್ದನ್ನೋ ಚಾಮುಂಡಿ ಬೆಟ್ಟದ್ದನ್ನೋ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ, ಇವು ಚಿಕ್ಕವು. ಗುಡಿಯ ಮುಂದೆ ಶಿವನನ್ನು ನೋಡುತ್ತಾ ಕೂರುವ ನಂದಿಯಲ್ಲ, ಅಲಂಕಾರದ ನಂದಿ.

ಸೇತುವೆ ಮೇಲೆ ನಿಂತು ಸುಮ್ನೆ ಬರಬೇಡಿ, ಕೆಳಗೆ ಇಳಿಯಿರಿ. ಸೇತುವೆಯ ಕಂಬಗಳು ಮುಂಬೈ ಹತ್ತಿರದ ಎಲಿಫೆಂಟಾ ಗುಹೆಯ ಕಂಬಗಳ ಮಾದರಿಯವು. ನೀರು ದಾಟಲು ಕಲ್ಲು ಹಾಸಿದ್ದಾರೆ. ಕೆಳಗಡೆ ಕೊಳದಲ್ಲಿ ಕಂಬ ಸುತ್ತಿದ ಹಾವು. ಹಳ್ಳದ ಮೇಲ್ತುದಿಯ ಕೊಳದ ದಡದಲ್ಲಿ ಸೂರ್ಯನ ಗುಡಿ, ಒಳಗೆ ಸೂರ್ಯನ ವಿಗ್ರಹ. ಅದು ಕಲ್ಲಿನಲ್ಲಿ ಕಡೆದದ್ದಲ್ಲ. ಕೋಡ್ ಸ್ಟೋನ್ ಅಂತ ಲಂಡನ್‌ನಲ್ಲಿ ಆಗ ತಯಾರಾಗುತ್ತಿದ್ದ, ಮಣ್ಣನ್ನು ಅಚ್ಚಿಗೆ ಹಾಕಿ ಸುಟ್ಟು ಕಲ್ಲಿನಂತೆ ಗಟ್ಟಿ ಮಾಡಿದ ವಸ್ತು. ಪೂಜೆ ಪುನಸ್ಕಾರ ಇಲ್ಲ. ಹೂವಿಟ್ಟು ಕೈ ಮುಗಿದು ಬಂದ ನಮ್ಮ ಅಜ್ಜಿಯರನ್ನು ತಡೆದವರನ್ನೂ ನಾನು ಕಂಡಿಲ್ಲ.

ಬ್ರೈಟನ್ ಅರಮನೆಗೆ ಇದೇ ಪ್ರೇರಣೆ ಅಂತಾರೆ, ನಿಜವಾ?

ಮುಕ್ಕಾಲು ನಿಜ. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ 1807ರಲ್ಲಿ ಇಲ್ಲಿಗೆ ಬಂದು ಹೋದ. 1815ರಿಂದ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಕಡಲತೀರದ ಊರಾದ ಬ್ರೈಟನ್‌ನಲ್ಲಿದ್ದ ಅವನ ಅರಮನೆ ರಾಯಲ್ ಪೆವಿಲಿಯನ್ ಮೇಲೆ ಗುಮ್ಮಟಗಳ ಗುಂಪನ್ನೇ ಎಬ್ಬಿಸಿದ. ಆದರೆ ಯುವರಾಜ ಇಲ್ಲಿಗೆ ಬರುವ ಮೊದಲೇ ಬ್ರೈಟನ್‌ನಲ್ಲಿ ಅವನ ಕುದುರೆಲಾಯಕ್ಕೆ ಭಾರತದ ಧಾಟಿಯ ದೊಡ್ಡ ಗುಮ್ಮಟದ ಕೆಲಸ ಶುರುವಾಗಿತ್ತು. ಹಾಗಾಗಿ ಎಲ್ಲಾ ಸೀಜಿನ್‌ಕೋಟ್‌ನಿಂದಲೇ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಎರಡನ್ನೂ ನೋಡಿದವರಿಗೆ ಇನ್ನೊಂದು ಗೊತ್ತಾಗುತ್ತದೆ: ಬ್ರೈಟನ್‌ನದ್ದು ಕೂಗಾಟ, ಇಲ್ಲಿನದ್ದು ಅಳತೆಯಲ್ಲಿದೆ.

ಕಂಪನಿಯ ದುಡ್ಡಿನ ಮನೆ ನೋಡಿ ಖುಷಿ ಪಡಬೇಕಾ, ಸಿಟ್ಟು ಮಾಡ್ಕೋಬೇಕಾ?

ಗುಂಪಿನಲ್ಲಿ ಹೋದರೆ ಈ ಚರ್ಚೆ ಶುರುವಾಗದೇ ಇರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದನ್ನು 'ಭಾರತೀಯ ಸಂಸ್ಕೃತಿಗೆ ಸಂದ ಗೌರವ' ಅಂತ ಹೊಗಳುವ ಮಾತು ನನಗೆ ಒಪ್ಪಿಗೆಯಿಲ್ಲ. 1770ರ ಬಂಗಾಳದ ಬರಗಾಲ ನಡೆದು ಇನ್ನೂ ನಲವತ್ತು ವರ್ಷ ಆಗಿರಲಿಲ್ಲ. ಅದೇ ಬಂಗಾಳದಿಂದ ಗಳಿಸಿ ತಂದ ಹಣ ಇದು. ಆದರೆ ಸಿಟ್ಟಿನಲ್ಲಿ ನೋಡದೇ ಬರುವುದೂ ದಡ್ಡತನ. ನೂರೆಂಟು ಕಂಪನಿ ಸಾಹೇಬರು ಇಲ್ಲಿ ಗ್ರೀಕ್ ಕಂಬಗಳ ಮನೆ ಕಟ್ಟಿಸಿಕೊಂಡು, ದುಡ್ಡು ಎಲ್ಲಿಂದ ಬಂತು ಅನ್ನುವ ಗುರುತೇ ಉಳಿಸದೆ ಹೋದರು. ಈ ಮನೆಯಲ್ಲಿ ಮಾತ್ರ ಅದು ಗುಮ್ಮಟದಷ್ಟು ದೊಡ್ಡದಾಗಿ ಎದ್ದು ಕಾಣುತ್ತದೆ. ಅದಕ್ಕೇ ಮಕ್ಕಳನ್ನು ಕರೆದುಕೊಂಡು ಹೋಗಿ ಅನ್ನುತ್ತೇನೆ. ಕಂಪನಿ ಸರ್ಕಾರ ಅಂದರೇನು ಅಂತ ವಿವರಿಸಲು ಇದಕ್ಕಿಂತ ಒಳ್ಳೆ ಜಾಗ ಈ ದೇಶದಲ್ಲಿ ಕಡಿಮೆ.

ಮನೆಯ ಒಳಗೆ ಹೋಗಲೇಬೇಕಾ?

ಬೇಕಾಗಿಲ್ಲ. ಹೊರಗೆ ಭಾರತ, ಒಳಗೆ ಪೂರ್ತಿ ಯುರೋಪ್. ಗ್ರೀಕ್ ರೋಮನ್ ಧಾಟಿಯ ಕೋಣೆಗಳು, ದೊಡ್ಡ ಮೆಟ್ಟಿಲು. ಗುಮ್ಮಟದ ಒಳಗೆ ಏನಿದೆಯೋ ಅಂತ ಆಸೆಪಟ್ಟು ಹೋದವರಿಗೆ ನಿರಾಸೆ. ತೋಟ ಬೇರೆ ಮಾತು, ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಮನೆಗೆ ಅಂಟಿಕೊಂಡು ಕಮಾನಿನಂತೆ ಬಾಗಿರುವ ಗಾಜಿನ ಕಿಟಕಿಗಳ ಉದ್ದನೆಯ ಹಜಾರದಲ್ಲಿ ಚಹಾ, ಕೇಕು ಸಿಗುತ್ತದೆ. ಮನೆಯ ದಕ್ಷಿಣದ ಚಚ್ಚೌಕದ ತೋಟ, ನಡುವೆ ನೀರಿನ ಕಾಲುವೆ, ಇದೆಲ್ಲ ಹಳೆಯದಲ್ಲ. 1944ರಲ್ಲಿ ಕ್ಲೈನ್‌ವರ್ಟ್ ಎಂಬ ಬ್ಯಾಂಕರ್ ಕುಟುಂಬ ಈ ಎಸ್ಟೇಟ್ ಕೊಂಡು, ಹಾಳು ಬಿದ್ದಿದ್ದನ್ನು ಸರಿಪಡಿಸಿತು. ಆ ಮನೆಯೊಡತಿ 1960ರ ದಶಕದಲ್ಲಿ ಭಾರತಕ್ಕೆ ಹೋಗಿ ಬಂದ ಮೇಲೆ ಮೊಗಲರ ಚಾರ್‌ಬಾಗ್ ಮಾದರಿಯಲ್ಲಿ ಮಾಡಿಸಿದ್ದು. ಈಗಲೂ ಅದೇ ಕುಟುಂಬದವರು ಇಲ್ಲಿ ವಾಸವಿದ್ದಾರೆ.

ಬಾಗಿಲು ತೆರೆಯುವ ದಿನಗಳ ಬಗ್ಗೆ ಎಚ್ಚರ. ಬಹುಕಾಲದಿಂದ ಗುರುವಾರ, ಶುಕ್ರವಾರ, ಬ್ಯಾಂಕ್ ರಜೆಯ ಸೋಮವಾರ, ಅದೂ ಮಧ್ಯಾಹ್ನ 2ರ ಮೇಲೆ ಅನ್ನುವ ರೂಢಿ ಇದೆ. ಡಿಸೆಂಬರ್‌ನಲ್ಲಿ ತೋಟ ಮುಚ್ಚಿರುತ್ತದೆ. ಮನೆ ತೋರಿಸುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಅಂದರೆ ಶನಿವಾರ ಭಾನುವಾರ ಹೊರಡುವ ನಮ್ಮಂಥವರಿಗೆ ನಂದಿ ದರ್ಶನ ಇಲ್ಲ. ಹೊರಡುವ ಮುಂಚೆ ಎಸ್ಟೇಟಿನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ. ಕಾಲುದಾರಿಗೆ ಮಾತ್ರ ಬೀಗವಿಲ್ಲ, ವರ್ಷವಿಡೀ ಇರುತ್ತದೆ.

ಕಾರಿಲ್ಲ. ಟ್ರೇನಲ್ಲಿ ಹೋಗಿ ಬರಬಹುದಾ?

ಈ ನಡಿಗೆಯ ದೊಡ್ಡ ಅನುಕೂಲವೇ ಅದು. ಲಂಡನ್ ಪ್ಯಾಡಿಂಗ್ಟನ್‌ನಿಂದ ಮೊರ್ಟನ್-ಇನ್-ಮಾರ್ಷ್‌ಗೆ ನೇರ ಟ್ರೇನ್ ಇದೆ, ಆಕ್ಸ್‌ಫರ್ಡ್ ಮೇಲೆ ಹೋಗುತ್ತದೆ. ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಸ್ಟೇಷನ್ನಿಂದ ಪೇಟೆ ಬೀದಿಗೆ ಎರಡು ಮೂರು ನಿಮಿಷ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್ ಅಂತ ಕೇಳಿ, ಆಫ್-ಪೀಕ್ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿಮೆ. ಭಾನುವಾರ ಬಸ್ಸು, ಟ್ರೇನು ಎರಡೂ ಕಡಿಮೆ. ವಾಪಸ್ ಟ್ರೇನಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಕಾರಲ್ಲಿ ಬರುವವರು?

ಸ್ಯಾಟ್‌ನ್ಯಾವ್‌ನಲ್ಲಿ ಬರೀ 'ಬೋರ್ಟನ್' ಅಂತ ಒತ್ತಬೇಡಿ. ಬೋರ್ಟನ್-ಆನ್-ದ-ವಾಟರ್ ಅಂತ ಇನ್ನೊಂದಿದೆ, ಎಂಟು ಹತ್ತು ಮೈಲಿ ಆಚೆ. ಹೊಳೆ, ಪುಟ್ಟ ಸೇತುವೆಗಳು, ಕೋಚುಗಟ್ಟಲೆ ಪ್ರವಾಸಿಗರು ಇರುವ ಊರು ಅದು. ನಮಗೆ ಬೇಕಾದದ್ದು ಗುಡ್ಡದ ಮೇಲಿನ ಬೋರ್ಟನ್. ಆದರೂ ಕಾರು ನಿಲ್ಲಿಸಲು ಮೊರ್ಟನ್ನೇ ಸರಿ. ಹಳ್ಳಿಗಳ ಬೀದಿ ಕಿರಿದು, ಯಾರದ್ದೋ ಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿದರೆ ಬೈಸಿಕೊಳ್ಳಬೇಕಾಗುತ್ತದೆ. ಮಂಗಳವಾರ ಮೊರ್ಟನ್‌ನಲ್ಲಿ ಸಂತೆ. ಸಂತೆ ಬೇಕಿದ್ದವರಿಗೆ ಖುಷಿ, ಪಾರ್ಕಿಂಗ್ ಬೇಕಿದ್ದವರಿಗೆ ಗೋಳು.

ಯಾವ ದಿಕ್ಕಿನಲ್ಲಿ ಸುತ್ತಿದರೆ ಒಳ್ಳೆಯದು?

ಬ್ಯಾಟ್ಸ್‌ಫರ್ಡ್ ಮೊದಲು, ಲಾಂಗ್‌ಬರೋ ಕೊನೆಗೆ. ಹತ್ತುವುದೆಲ್ಲ ಕಾಲು ತಾಜಾ ಇರುವಾಗಲೇ ಮುಗಿಯುತ್ತದೆ. ಬಂಗಲೆಯ ಮುಂದೆ ಬರುವಾಗ ಇನ್ನೂ ಬೆಳಗಿನ ಬೆಳಕಿರುತ್ತದೆ. ಮಧ್ಯಾಹ್ನದ ಊಟಕ್ಕೆ ಲಾಂಗ್‌ಬರೋ ಸಿಗುತ್ತದೆ. ತೋಟ ನೋಡುವ ದಿನವಾದರೆ ಮಾತ್ರ ತಡವಾಗಿ ಹೊರಡಿ, ಇಲ್ಲದಿದ್ದರೆ 2 ಗಂಟೆ ಆಗುವ ತನಕ ಕಾಯಬೇಕಾಗುತ್ತದೆ.

ದಾರಿಯಲ್ಲಿ ನೋಡುವಂಥದ್ದು ಇನ್ನೇನಿದೆ?

ಮೊರ್ಟನ್‌ನ ಅಗಲವಾದ ಪೇಟೆ ಬೀದಿಯೇ ರೋಮನ್ನರು ಹಾಕಿದ ಫಾಸ್ ವೇ ರಸ್ತೆಯ ಭಾಗ. ಇವತ್ತು ಅದರ ಮೇಲೆ ಎ429 ಓಡುತ್ತದೆ.

ಬ್ಯಾಟ್ಸ್‌ಫರ್ಡ್‌ನಲ್ಲೂ ಒಂದು ದೊಡ್ಡ ಬಂಗಲೆ ಇದೆ. ಅದು ಖಾಸಗಿ, ಒಳಗೆ ಬಿಡುವುದಿಲ್ಲ. ಪಕ್ಕದ ಮರಗಳ ತೋಟಕ್ಕೆ ಟಿಕೆಟ್ ಇದೆ. ಅದನ್ನು ನೆಡಿಸಿದವನು ಬರ್ಟ್ರಮ್ ಮಿಟ್‌ಫರ್ಡ್, 1860ರ ದಶಕದಲ್ಲಿ ಜಪಾನಿನಲ್ಲಿ ರಾಯಭಾರ ಕಚೇರಿಯಲ್ಲಿದ್ದವನು. ಬಿದಿರು, ಜಪಾನಿ ಮೇಪಲ್, ಕಂಚಿನ ಬುದ್ಧ, ಎಲ್ಲವನ್ನೂ ತಂದು ಈ ಇಳಿಜಾರಿನಲ್ಲಿ ಇಟ್ಟ. ಒಂದೇ ಬೆಳಗ್ಗೆ ಒಬ್ಬನ ಜಪಾನ್, ಇನ್ನೊಬ್ಬನ ಹಿಂದೂಸ್ಥಾನ ಎರಡನ್ನೂ ದಾಟುತ್ತೀರಿ. ಆ ಕಾಲದ ಸಾಹೇಬರ ಮನಸ್ಸು ಅರ್ಥವಾಗಲು ಇಷ್ಟು ಸಾಕು.

ಬೋರ್ಟನ್‌ನ ಸೇಂಟ್ ಲಾರೆನ್ಸ್ ಚರ್ಚನ್ನು ತಪ್ಪಿಸಬೇಡಿ. ಒಳಗೆ 1816 ಅಂತ ಇಸವಿ ಇರುವ ಎರಡು ಲೋಹದ ಪಾತ್ರೆಗಳಿವೆ, ಒಂದು ಬುಶಲ್, ಒಂದು ಪೆಕ್. ಗಂಟೆ ಎರಕ ಹೊಯ್ಯುವ ಲೋಹದಲ್ಲೇ ಮಾಡಿದ್ದು. ನಮ್ಮಲ್ಲಿ ಕೊಳಗ, ಬಳ್ಳ ಇದ್ದ ಹಾಗೆ ಇವು ಕಾಳು ಅಳೆಯುವ ಪ್ರಮಾಣದ ಪಾತ್ರೆಗಳು. ಅಳತೆಯಲ್ಲಿ ಮೋಸ ಅಂತ ಜಗಳ ಬಂದರೆ ಇದರಲ್ಲಿ ಸುರಿದು ತೀರ್ಮಾನ ಮಾಡುತ್ತಿದ್ದರು. ಇಂಥವು ಈ ದೇಶದಲ್ಲಿ ಕೆಲವೇ ಉಳಿದಿವೆ.

ಲಾಂಗ್‌ಬರೋದ ಸೇಂಟ್ ಜೇಮ್ಸ್ ಚರ್ಚಿನಲ್ಲಿ ಚಾರ್ಲ್ಸ್ ಕಾಕರೆಲ್‌ನ ಸ್ಮಾರಕ ಇದೆ, ಅವನು ತೀರಿಕೊಂಡದ್ದು 1837ರಲ್ಲಿ. ಬೇಸಿಗೆಯಲ್ಲಿ ಈ ಪುಟ್ಟ ಹಳ್ಳಿಗೆ ಸೂಟು ಬೂಟು ಹಾಕಿದ ಜನ ಯಾಕೆ ಬರುತ್ತಾರೆ ಅಂತ ಆಶ್ಚರ್ಯ ಪಡಬೇಡಿ. ಇಲ್ಲೊಂದು ಒಪೆರಾ ರಂಗಮಂದಿರ ಇದೆ, ಜರ್ಮನ್ ಸಂಗೀತಕಾರ ವ್ಯಾಗ್ನರ್‌ನ ಒಪೆರಾಗಳಿಗೆ ಹೆಸರುವಾಸಿ.

ಕೆಸರು ಎಷ್ಟಿರುತ್ತದೆ? ಮಾಮೂಲಿ ಶೂ ಸಾಕಾ?

ಬೇಸಿಗೆಯಲ್ಲಿ ಸಾಕು. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಸಾಲದು. ಮೇಲೆ ಗುಡ್ಡದಲ್ಲಿ ಸುಣ್ಣಕಲ್ಲಿನ ನೆಲ, ನೀರು ಬೇಗ ಇಂಗುತ್ತದೆ. ಕೆಳಗೆ ಮೊರ್ಟನ್ ಸುತ್ತಿನ ತಗ್ಗಿನಲ್ಲಿ ಜೇಡಿ ಮಣ್ಣು, ನೀರು ನಿಲ್ಲುತ್ತದೆ. ಲಾಂಗ್‌ಬರೋದಿಂದ ಮೊರ್ಟನ್‌ಗೆ ಬರುವ ಕೊನೆಯ ಒಂದು ಗಂಟೆ ಚಳಿಗಾಲದಲ್ಲಿ ಕಾಲು ಕೀಳುವುದೇ ಕೆಲಸ. ಹೆಜ್ಜೆಗೊಂದು ಸೇರು ಮಣ್ಣು ಅಂಟಿಕೊಂಡು ಬರುತ್ತದೆ. ಕಣಕಾಲು ಮುಚ್ಚುವ ಬೂಟು, ಒಂದು ಜೊತೆ ಒಣ ಕಾಲುಚೀಲ, ಕೆಸರು ಬೂಟು ಹಾಕಲು ಪ್ಲಾಸ್ಟಿಕ್ ಚೀಲ. ಬೇಸಿಗೆಯಲ್ಲಿ ಉದ್ದ ಪ್ಯಾಂಟೇ ಇರಲಿ. ದಾರಿ ಬದಿಯ ನೆಟಲ್ ಗಿಡ ನಮ್ಮ ತುರಚೆಯ ಕೆಲಸವನ್ನೇ ಮಾಡುತ್ತದೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರ ಕೈಲಿ ಆಗುತ್ತಾ? ಮಗುವಿನ ಗಾಡಿ?

ದಿನಾ ವಾಕಿಂಗ್ ಹೋಗುವ ರೂಢಿ ಇದ್ದರೆ ಪೂರ್ತಿ ಸುತ್ತೂ ಆಗುತ್ತದೆ. ಮಂಡಿನೋವು ಇದ್ದವರಿಗೆ ಬೇಡ. ಅವರಿಗೆ ಬೋರ್ಟನ್‌ನಿಂದ ಬಂಗಲೆ ಕಾಣುವ ತನಕ ಹೋಗಿ ಅದೇ ದಾರಿಯಲ್ಲಿ ವಾಪಸ್, ಒಂದೂವರೆ ಗಂಟೆ ಸಾಕು. ಅಮ್ಮಂದಿರಿಗೆ ಸೀರೆಗಿಂತ ಚೂಡಿದಾರ ವಾಸಿ. ದಾರಿಯಲ್ಲಿ ಹೆಚ್ಚಾಗಿ ಒಬ್ಬೊಬ್ಬರೇ ನುಸುಳುವ ಗೇಟುಗಳು, ಆದರೆ ಅಲ್ಲಲ್ಲಿ ಕಾಲೆತ್ತಿ ದಾಟುವ ಮರದ ತಡಮೆಯೂ ಸಿಗಬಹುದು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮಗುವಿನ ಗಾಡಿ, ವೀಲ್‌ಚೇರ್ ಎರಡಕ್ಕೂ ಈ ದಾರಿ ಆಗುವುದಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ. ಬೋರ್ಟನ್‌ನಲ್ಲಿ ಎ44 ಊರಿನ ನಡುವೆಯೇ ಇಳಿಯುತ್ತದೆ. ಲಾರಿ, ಕಾರು ಜೋರಾಗಿ ಬರುತ್ತವೆ. ಅಲ್ಲಿ ಮಕ್ಕಳ ಕೈ ಬಿಡಬೇಡಿ.

ಹೊಲದಲ್ಲಿ ದನ ಇರುತ್ತಾ? ಹೋರಿ?

ಕುರಿ ಖಂಡಿತ, ದನ ಕೆಲವೊಮ್ಮೆ. ಹಾಲಿನ ತಳಿಯ ಹೋರಿಯನ್ನು ಕಾಲುದಾರಿ ಇರುವ ಹೊಲದಲ್ಲಿ ಬಿಡುವ ಹಾಗಿಲ್ಲ ಅಂತ ಕಾನೂನು. ಮಾಂಸದ ತಳಿಯ ಹೋರಿಯನ್ನು ಹಸುಗಳ ಜೊತೆ ಬಿಡಬಹುದು. ನಾವು ದನ ಸಾಕಿದ ಮನೆಯವರು ಅನ್ನುವ ಧೈರ್ಯ ಇಲ್ಲಿ ಬೇಡ. ಇವು ಹಗ್ಗ ಕಂಡ ದನಗಳಲ್ಲ. ಕರು ಇರುವ ಹಸುವಿನ ಮತ್ತು ಕರುವಿನ ನಡುವೆ ಹೋಗಬೇಡಿ, ಸೆಲ್ಫಿಗೆ ಹತ್ತಿರ ಹೋಗಬೇಡಿ, ಓಡಬೇಡಿ. ಸುತ್ತು ಹಾಕಿ, ಸದ್ದಿಲ್ಲದೆ ದಾಟಿ. ಸೇತುವೆ ಮೇಲಿನ ನಂದಿಯ ಸಮಾಧಾನ ಹೊಲದಲ್ಲಿರುವವಕ್ಕೆ ಇರುವುದಿಲ್ಲ.

ನಾಯಿ ತಂದರೆ ಹಗ್ಗದಲ್ಲೇ ಇರಲಿ. ಕುರಿ ಮರಿ ಹಾಕುವ ಕಾಲದಲ್ಲಂತೂ ಒಂದು ಕ್ಷಣವೂ ಬಿಡಬೇಡಿ. ಆದರೆ ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ, ನಾಯಿ ತಪ್ಪಿಸಿಕೊಳ್ಳುತ್ತದೆ.

ಊಟ? ಶೌಚಾಲಯ?

ಹಳ್ಳಿಗಳಲ್ಲಿ ಪಬ್ ಇವೆ, ಲಾಂಗ್‌ಬರೋದಲ್ಲಿ ಅಂಗಡಿಯೂ ಇದೆ. ಆದರೆ ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚುವುದು ಮಾಮೂಲು. ಸಸ್ಯಾಹಾರ ಅಂದರೆ ಒಂದೋ ಎರಡೋ ಬಗೆ. ಚಿತ್ರಾನ್ನ, ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವುದೇ ಜಾಣತನ. ಮೊಸರನ್ನದ ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿ ಇರಲಿ. ಲಾಂಗ್‌ಬರೋದಲ್ಲಿ ಚರ್ಚಿನ ಹತ್ತಿರ ಕೂತು ತಿಂದರೆ ಯಾರಿಗೂ ತೊಂದರೆಯಿಲ್ಲ. ತಿಂದ ಎಲೆ, ಕಾಗದ ಚೀಲದಲ್ಲಿ ವಾಪಸ್ ಬರಲಿ.

ಶೌಚಾಲಯ ಮೊರ್ಟನ್‌ನಲ್ಲಿ, ಆಮೇಲೆ ಬ್ಯಾಟ್ಸ್‌ಫರ್ಡ್ ತೋಟದ ಕೆಫೆ ಹತ್ತಿರ. ಕೆಫೆಗೆ, ಗಿಡ ಮಾರುವ ಅಂಗಡಿಗೆ ಟಿಕೆಟ್ ಬೇಡ. ಅದಾದ ಮೇಲೆ ಪಬ್ಬೇ ಗತಿ, ಏನಾದರೂ ಕೊಂಡು ಕೇಳುವುದು ಮರ್ಯಾದೆ.

ದಾರಿ ತಪ್ಪುತ್ತಾ? ಫೋನ್ ಮ್ಯಾಪ್ ಸಾಕಾ?

ಬಾಣದ ಗುರುತು ಒಳ್ಳೆಯದಾಗಿದೆ, ಆದರೆ ಅಲ್ಲಲ್ಲಿ ಬೇಲಿಯ ಎಲೆ ಬೆಳೆದು ಮುಚ್ಚಿಬಿಡುತ್ತದೆ. ಫೋನಿನ ಮಾಮೂಲಿ ಮ್ಯಾಪು ರಸ್ತೆಗೆ ಸರಿ, ಕಾಲುದಾರಿಗೆ ನಂಬಬೇಡಿ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಓಎಲ್ 45 ನಕ್ಷೆಯಲ್ಲಿ ಈ ಇಡೀ ಸುತ್ತು ಇದೆ. ಅದರಲ್ಲಿ ಹಸಿರು ತುಂಡುಗೆರೆ ಅಂದರೆ ನಡೆಯುವ ಹಕ್ಕಿನ ದಾರಿ. ಅವರ ಆಪ್‌ನಲ್ಲಿ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ.

ಯಾವ ತಿಂಗಳು ಚೆಂದ?

ಮೇ ನನ್ನ ಮೆಚ್ಚಿನದು. ನೆಲ ಒಣಗಿರುತ್ತದೆ, ಕುರಿಮರಿಗಳಿರುತ್ತವೆ, ಬೇಲಿಯ ಹಾಥಾರ್ನ್ ಗಿಡ ಬಿಳಿ ಹೂವಿನಿಂದ ತುಂಬಿರುತ್ತದೆ, ಕತ್ತಲಾಗುವುದು ರಾತ್ರಿ ಒಂಬತ್ತರ ಮೇಲೆ. ಅಕ್ಟೋಬರ್ ಕೊನೆಯಲ್ಲಿ ಬ್ಯಾಟ್ಸ್‌ಫರ್ಡ್‌ನ ಮೇಪಲ್ ಮರಗಳು ಕೆಂಪಾಗುತ್ತವೆ, ಜನಜಂಗುಳಿಯೂ ಹೆಚ್ಚು. ಜುಲೈ ಆಗಸ್ಟ್‌ನಲ್ಲಿ ಮರಗಳ ಎಲೆ ದಟ್ಟವಾಗಿ ಬಂಗಲೆ ಅರ್ಧ ಮುಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಮನೆ ಚೆನ್ನಾಗಿ ಕಾಣುತ್ತದೆ, ಆದರೆ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ. ಆಗ ಹೋಗುವವರು ಬೆಳಗ್ಗೆ ಒಂಬತ್ತೂವರೆಗೆ ಮೊರ್ಟನ್ ಬಿಟ್ಟಿರಬೇಕು, ಚೀಲದಲ್ಲಿ ಒಂದು ಟಾರ್ಚ್ ಇರಬೇಕು.

ಅರ್ಧ ದಾರಿಯಲ್ಲಿ ಸಾಕಾದರೆ?

ಬೋರ್ಟನ್‌ನಲ್ಲಿ ಸಾಕಾದರೆ ಮೊರ್ಟನ್ ಎರಡೇ ಮೈಲಿ. ಎ44 ಪಕ್ಕದಲ್ಲಿ ನಡೆಯುವ ಬದಲು ಬಂದ ಹೊಲದ ದಾರಿಯಲ್ಲೇ ಇಳಿದುಬಿಡಿ. ಲಾಂಗ್‌ಬರೋದಲ್ಲಿ ಸಾಕಾದರೆ ಟ್ಯಾಕ್ಸಿ ಕರೆಸಬೇಕು. ಇಲ್ಲಿ ಆಪ್ ಒತ್ತಿದ ಕೂಡಲೇ ಬರುವ ಕಾರುಗಳಿಲ್ಲ, ಲಂಡನ್ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೊರ್ಟನ್‌ನ ಒಂದೆರಡು ಟ್ಯಾಕ್ಸಿಯವರ ನಂಬರು ಬೆಳಗ್ಗೆ ಸ್ಟೇಷನ್ನಿನಲ್ಲೇ ನೋಡಿ ಬರೆದುಕೊಳ್ಳಿ. ಫೋನ್ ಮಾಡಿದರೆ ಅರ್ಧ ಗಂಟೆ ಕಾಯಿಸುತ್ತಾರೆ, ಅಷ್ಟರಲ್ಲಿ ಉಳಿದ ಚಿತ್ರಾನ್ನ ಮುಗಿಸಬಹುದು.